ನಮ್ಮ ಊರಿನಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್: ಧಾರವಾಡ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಸವಿನಯ ನಮಸ್ಕಾರಗಳು.

ಪರಊರಿನಿಂದ ನೆಂಟರು ಬಂದರೆ ನಾವು ಧಾರವಾಡದವರು ಮೊದಲು ಸಾಧನಕೇರಿಗೆ ಕರೆದೊಯ್ದು ಬೇಂದ್ರೆ ಭವನ ತೋರಿಸುತ್ತೇವೆ. ಮಲ್ಲಿಕಾರ್ಜುನ ಮನ್ಸೂರರ ಮನೆಗೆ ಹೋಗುತ್ತೇವೆ. ಹೊತ್ತಿದ್ದರೆ ಹುಬ್ಬಳ್ಳಿಯ ಗಂಗೂಬಾಯಿಯವರ ಮನೆಯನ್ನೂ ತೋರಿಸಿ, ಬರುವಾಗ ಒಂದು ಕಿಲೋ ಪೇಢೆ ಕಟ್ಟಿಸಿ ಕೊಡುತ್ತೇವೆ. ಇಷ್ಟೆಲ್ಲ ತಿರುಗಾಟದಲ್ಲಿ ಒಂದು ಹೆಸರು ಮಾತ್ರ ನಮ್ಮ ಬಾಯಿಗೆ ಬರುವುದೇ ಇಲ್ಲ. ಗಂಗೂಬಾಯಿ ಹಾನಗಲ್ ಧಾರವಾಡದಲ್ಲಿ ಹುಟ್ಟಿದ್ದು 1913ರಲ್ಲಿ. ಅದಕ್ಕಿಂತ ನಾಲ್ಕು ವರ್ಷ ಮೊದಲು, 1909ರ ಸೆಪ್ಟೆಂಬರ್ 9ರಂದು, ಇದೇ ಊರಿನಲ್ಲಿ ಇನ್ನೊಂದು ಹೆಣ್ಣುಮಗು ಹುಟ್ಟಿತ್ತು. ಆಕೆಯೇ ಮುಂದೆ ಹಿಂದಿ ಚಿತ್ರರಂಗದಲ್ಲಿ ಮನೆಮಾತಾದ ಲೀಲಾ ಚಿಟ್ನಿಸ್.

ನನಗೆ ಈ ಹೆಸರು ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ಅಜ್ಜಿಯ ತಗಡಿನ ಟ್ರಂಕಿನ ಮುಚ್ಚಳದ ಒಳಗಡೆ ಹಳೆಯ ಪತ್ರಿಕೆಯ ಒಂದು ಹಾಳೆ ಅಂಟಿಸಿತ್ತು. ಮದುವೆಯ ಸೀರೆ ತೆಗೆಯಲು ಮುಚ್ಚಳ ಎತ್ತಿದಾಗಲೆಲ್ಲ ಕರ್ಪೂರದ ಗುಳಿಗೆಯ ವಾಸನೆಯ ಜೊತೆಗೆ ಆ ಮುಖ ಕಾಣುತ್ತಿತ್ತು. ಲಕ್ಸ್ ಸಾಬೂನಿನ ಜಾಹೀರಾತು. ಅಂಟು ಒಣಗಿ ಹಾಳೆಯ ಒಂದು ಮೂಲೆ ಎದ್ದಿತ್ತು. ಅಜ್ಜಿ ಪ್ರತಿ ಸಲ ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಕೂರಿಸುತ್ತಿದ್ದಳು. ಯಾರಜ್ಜಿ ಇವಳು ಎಂದರೆ, "ನಮ್ಮ ಊರಿನವಳು" ಎನ್ನುತ್ತಿದ್ದಳು. ಅಷ್ಟೇ ಉತ್ತರ. ಹಿಂದಿ ಸಿನಿಮಾ ನಟಿ ನಮ್ಮ ಊರಿನವಳು ಹೇಗಾದಾಳು ಎಂದು ನಾನು ನಂಬಿರಲಿಲ್ಲ. ಆ ಹಾಳೆಯ ಬೆಲೆ ತಿಳಿದದ್ದು ಬಹಳ ವರ್ಷಗಳ ನಂತರ. 1941ರವರೆಗೆ ಆ ಸಾಬೂನಿಗೆ ಹಾಲಿವುಡ್ಡಿನ ನಟಿಯರ ಮುಖವೇ ಆಗಬೇಕಿತ್ತು. ಆ ವರ್ಷ ಆ ಜಾಗಕ್ಕೆ ಬಂದ ಮೊದಲ ಭಾರತೀಯ ಚಿತ್ರತಾರೆ ಲೀಲಾ ಚಿಟ್ನಿಸ್.

ಆ ಮುಖದ ಹಿಂದಿನ ಬದುಕು ಸಾಬೂನಿನಷ್ಟು ನುಣುಪಾಗಿರಲಿಲ್ಲ, ಸ್ವಾಮಿ. ತಂದೆ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರು, ಮನೆಮಾತು ಮರಾಠಿ. ಹದಿನೈದು ಹದಿನಾರರ ವಯಸ್ಸಿನಲ್ಲೇ ತನಗಿಂತ ಬಹಳ ಹಿರಿಯರಾದ ವೈದ್ಯರೊಬ್ಬರ ಜೊತೆ ಮದುವೆಯಾಯಿತು. ಗಂಡ ಹೆಂಡತಿ ಇಬ್ಬರೂ ಸ್ವಾತಂತ್ರ್ಯ ಹೋರಾಟದ ಪರವಾಗಿದ್ದವರು. ಬ್ರಿಟಿಷರು ಹುಡುಕುತ್ತಿದ್ದ ಕ್ರಾಂತಿಕಾರಿ ಎಂ.ಎನ್. ರಾಯ್ ಅವರಿಗೆ ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟು ಸೆರೆಮನೆಯ ಅಪಾಯವನ್ನು ಮೈಮೇಲೆ ಎಳೆದುಕೊಂಡಿದ್ದರು. ನಾಲ್ಕು ಮಕ್ಕಳಾದವು. ದಾಂಪತ್ಯ ಉಳಿಯಲಿಲ್ಲ. ಮಕ್ಕಳನ್ನು ಸಾಕಬೇಕಿತ್ತು, ಶಾಲೆಯಲ್ಲಿ ಪಾಠ ಹೇಳಿದರು, ಮರಾಠಿ ರಂಗಭೂಮಿಯ ನಾಟ್ಯಮನ್ವಂತರ ತಂಡದಲ್ಲಿ ಬಣ್ಣ ಹಚ್ಚಿದರು, ಸ್ಟುಡಿಯೋಗಳಲ್ಲಿ ಗುಂಪಿನ ನಡುವೆ ನಿಲ್ಲುವ ಚಿಲ್ಲರೆ ಪಾತ್ರಗಳನ್ನೂ ಮಾಡಿದರು. ಮರ್ಯಾದಸ್ಥ ಮನೆಯ ಹೆಂಗಸರು ಸಿನಿಮಾದ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದ ಕಾಲ ಅದು. ಪದವಿ ಪಡೆದ ಒಬ್ಬ ತಾಯಿ ಹೊಟ್ಟೆಪಾಡಿಗೆ ಆ ಬಾಗಿಲು ತಟ್ಟಿದ್ದು ಎಂಥ ಧೈರ್ಯವೆಂಬುದನ್ನು ಹೆಣ್ಣುಮಕ್ಕಳನ್ನು ಓದಿಸಿದ ತಂದೆತಾಯಿಯರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

1937ರ 'ಜೆಂಟಲ್‌ಮನ್ ಡಾಕು' ಚಿತ್ರದಲ್ಲಿ ಅವರು ಗಂಡುಡುಗೆ ತೊಟ್ಟ ಕಳ್ಳಿಯಾದರು. ಆಗಿನ ಜಾಹೀರಾತು ಅವರನ್ನು ತೆರೆಗೆ ಬಂದ ಮಹಾರಾಷ್ಟ್ರದ ಮೊದಲ ಪದವೀಧರೆ ಎಂದು ಸಾರಿತು. ಆಮೇಲೆ ಬಾಂಬೆ ಟಾಕೀಸ್. ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿಯವರು ಕಟ್ಟಿ ಬೆಳೆಸಿದ ಆ ಚಿತ್ರಸಂಸ್ಥೆಯಲ್ಲಿ ಅಶೋಕ್ ಕುಮಾರ್ ಜೊತೆ 1939ರಲ್ಲಿ 'ಕಂಗನ್', 1940ರಲ್ಲಿ 'ಬಂಧನ್', 1941ರಲ್ಲಿ 'ಝೂಲಾ'. ಮೂರನ್ನೂ ಜನ ಮುಗಿಬಿದ್ದು ನೋಡಿದರು. ಕಣ್ಣಿನಲ್ಲೇ ಮಾತಾಡುವ ವಿದ್ಯೆಯನ್ನು ತಾವು ಲೀಲಾ ಅವರಿಂದ ಕಲಿತದ್ದೆಂದು ಅಶೋಕ್ ಕುಮಾರ್ ಒಪ್ಪಿಕೊಂಡಿದ್ದರು. ಆಗ ಲೀಲಾ ಅವರ ವಯಸ್ಸು ಮೂವತ್ತು ದಾಟಿತ್ತು, ಮನೆಯಲ್ಲಿ ಬೆಳೆಯುವ ಮಕ್ಕಳಿದ್ದರು. ಚೆಲುವೆಯೆಂದು ದೇಶವೇ ಕೊಂಡಾಡಿದ್ದು ಆ ವಯಸ್ಸಿನಲ್ಲಿ.

ಇಲ್ಲಿಂದ ಮುಂದಿನದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 'ಝೂಲಾ' ಬಂದು ಏಳೇ ವರ್ಷಕ್ಕೆ, 1948ರ 'ಶಹೀದ್' ಚಿತ್ರದಲ್ಲಿ, ಅವರು ದಿಲೀಪ್ ಕುಮಾರ್ ಅವರ ತಾಯಿ. ಅವರಿಗೆ ಇನ್ನೂ ನಲವತ್ತಾಗಿರಲಿಲ್ಲ, ಮಗನಾದವರು ಅವರಿಗಿಂತ ಹದಿಮೂರೇ ವರ್ಷಕ್ಕೆ ಕಿರಿಯರು. ಲೀಲಾ ಅವರಿಗಿಂತ ಎರಡೇ ವರ್ಷಕ್ಕೆ ಕಿರಿಯರಾದ ಅಶೋಕ್ ಕುಮಾರ್ ಮರುವರ್ಷ 'ಮಹಲ್'ನಲ್ಲಿ, ಹದಿನಾರರ ಆಸುಪಾಸಿನ ಮಧುಬಾಲಾಗೆ ನಾಯಕ. ಒಂದೇ ತೆರೆಯ ಮೇಲೆ ಜೋಡಿಯಾಗಿದ್ದ ಇಬ್ಬರಲ್ಲಿ ಗಂಡಸಿಗೆ ಒಂದು ಗಡಿಯಾರ, ಹೆಂಗಸಿಗೆ ಇನ್ನೊಂದು. ಆದರೂ ಲೀಲಾ ಆ ಪಾತ್ರಗಳನ್ನು ಅರೆಮನಸ್ಸಿನಿಂದ ಮಾಡಲಿಲ್ಲ. 1951ರ 'ಆವಾರಾ' ನೋಡಿ. ಕಳ್ಳ ಹೊತ್ತೊಯ್ದು ಬಿಟ್ಟುಬಿಟ್ಟ ಗರ್ಭಿಣಿ ಹೆಂಡತಿಯನ್ನು ನ್ಯಾಯಾಧೀಶ ಗಂಡ ಸಂಶಯಪಟ್ಟು ಹೊರದಬ್ಬುತ್ತಾನೆ; ಸುರಿಯುವ ಮಳೆಯಲ್ಲಿ, ಬೀದಿಯ ಬದಿಯಲ್ಲಿ ಆಕೆ ಹೆರುತ್ತಾಳೆ. ಆ ದೃಶ್ಯ ಬಂದಾಗ ಅಜ್ಜಿ ಟಿ.ವಿ.ಯ ಮುಂದಿನಿಂದ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಆಕೆಯ ಟ್ರಂಕಿನ ಚೆಲುವೆಯನ್ನು ಹಾಗೆ ನೋಡಲು ಆಕೆಗೆ ಆಗುತ್ತಿರಲಿಲ್ಲ. ಸೀತೆಯ ಕತೆ ಕೇಳಿ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಆ ನೋವು ಯಾರೂ ಕಲಿಸಬೇಕಾದದ್ದಲ್ಲ.

'ಗಂಗಾ ಜಮುನಾ', ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರ ಕಾದಂಬರಿಯಿಂದ ಬಂದ 'ಗೈಡ್', ಹೀಗೆ ತಾಯಿಯ ಪಾತ್ರಗಳು ಸಾಲುಗಟ್ಟಿದವು. ಹಿಂದಿ ಸಿನಿಮಾದ ತಾಯಿ ಎಂದರೆ ಕಣ್ಮುಂದೆ ಬರುವ ಕೆಮ್ಮುವ, ಮಗನಿಗಾಗಿ ಕಾಯುವ ಆ ಮೂರ್ತಿಗೆ ಮೊದಲು ರೂಪು ಕೊಟ್ಟವರಲ್ಲಿ ಇವರು ಮುಖ್ಯರು. ನಡುವೆ ಚಿತ್ರ ನಿರ್ಮಿಸಿದರು. 1955ರಲ್ಲಿ 'ಆಜ್ ಕೀ ಬಾತ್' ನಿರ್ದೇಶಿಸಿದರು. 1981ರಲ್ಲಿ 'ಚಂದೇರಿ ದುನಿಯೇತ' ಎಂಬ ಆತ್ಮಕಥೆ ಮರಾಠಿಯಲ್ಲಿ ಬಂತು. ಕೊನೆಗೆ ಮಕ್ಕಳಿದ್ದ ಅಮೆರಿಕಕ್ಕೆ ಹೋಗಿ, 2003ರ ಜುಲೈ 14ರಂದು ಕನೆಕ್ಟಿಕಟ್‌ನ ಡ್ಯಾನ್‌ಬರಿ ಎಂಬ ಊರಿನ ಶುಶ್ರೂಷಾಲಯದಲ್ಲಿ ಕಣ್ಣುಮುಚ್ಚಿದರು. ಆಗ 93 ವರ್ಷ.

ಸಚಿವರೇ, ಎರಡು ವರ್ಷದ ಹಿಂದೆ ಇದನ್ನೆಲ್ಲ ಒಂದು ಅರ್ಜಿಯಲ್ಲಿ ಬರೆದು ಕಚೇರಿಯೊಂದಕ್ಕೆ ಹೋಗಿದ್ದೆ. ಅಧಿಕಾರಿಗಳು ಓದಿ, "ಅವರು ಮರಾಠಿಯವರಲ್ಲವೇ ಮೇಡಂ? ಮುಂಬಯಿಯವರು ನೋಡಿಕೊಳ್ಳುತ್ತಾರೆ" ಎಂದು ಅರ್ಜಿಯನ್ನು ಮರಳಿಸಿದರು. ಮಾತು ಒರಟಾಗಿರಲಿಲ್ಲ, ಚಹಾ ಕೂಡ ತರಿಸಿದರು. ಆದರೆ ಮೆಟ್ಟಿಲಿಳಿಯುವಾಗ ನನಗೆ ಕಣ್ಣು ತುಂಬಿ ಬಂದವು. ಬೇಂದ್ರೆಯವರ ಮನೆಮಾತೂ ಮರಾಠಿಯೇ ಆಗಿರಲಿಲ್ಲವೇ? ಮನ್ಸೂರರು ಮಠದ ವಚನ ಹಾಡಿದ ಕಂಠದಲ್ಲೇ ಹಿಂದೂಸ್ತಾನಿ ಸಂಗೀತದ ಜೈಪುರ ಘರಾನೆಯ ಹಿಂದಿ ಹಾಡುಗಳನ್ನು ಹಾಡಲಿಲ್ಲವೇ? ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡದಲ್ಲಿ ಒಂದೇ ಓಣಿಯಲ್ಲಿ ಎರಡು ಭಾಷೆ ಕೂಡಿ ಬಾಳಿದವು. ಲೀಲಾ ಕನ್ನಡ ಚಿತ್ರಗಳ ನಟಿ ಎಂದು ನಾನು ವಾದಿಸುತ್ತಿಲ್ಲ. ಮುಂಬಯಿಯ ಹಕ್ಕನ್ನೂ ಕಸಿಯುತ್ತಿಲ್ಲ. ಇಲ್ಲಿ ಹುಟ್ಟಿದ ಮಗಳನ್ನು ತವರಿನವರು ನೆನೆಯಲಿ ಎನ್ನುತ್ತಿದ್ದೇನೆ.

ಪ್ರತಿಮೆ ಬೇಡ. ವೃತ್ತಕ್ಕೆ ಹೆಸರಿಡಿ ಎಂದೂ ಕೇಳುವುದಿಲ್ಲ. ಪ್ರತಿವರ್ಷ ಸೆಪ್ಟೆಂಬರ್ 9ರಂದು ಧಾರವಾಡದಲ್ಲಿ ಅವರ ಒಂದು ಚಿತ್ರ ತೋರಿಸಲು ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಸೂಚಿಸಿ. ಸೃಜನಾ ರಂಗಮಂದಿರವೋ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭಾಂಗಣವೋ ಸಾಕು, ಕಾಲೇಜಿನ ಹುಡುಗಿಯರಿಗೆ ಪ್ರವೇಶ ಉಚಿತವಿರಲಿ. ಅವರ ಆತ್ಮಕಥೆಯನ್ನು ಕನ್ನಡದಲ್ಲಿ ಓದುವ ಭಾಗ್ಯ ನನಗಿನ್ನೂ ಸಿಕ್ಕಿಲ್ಲ. ಮರಾಠಿ ಕನ್ನಡ ಎರಡನ್ನೂ ಬಲ್ಲ ಅನುವಾದಕರಿಗೆ ಈ ಊರಿನಲ್ಲಿ ಬರವಿಲ್ಲ, ಅಕಾಡೆಮಿಯೊಂದು ಆ ಕೆಲಸ ವಹಿಸಿಕೊಳ್ಳುವಂತೆ ನೀವು ಒಂದು ಮಾತು ಹೇಳಿ. ಇನ್ನು ಊರಿನ ಹಳೆಯ ದಾಖಲೆಗಳನ್ನು ಯಾರಾದರೂ ತಿಳಿದವರಿಂದ ಹುಡುಕಿಸಿ. 1909ರಲ್ಲಿ ಆ ಕುಟುಂಬ ಯಾವ ಓಣಿಯಲ್ಲಿತ್ತೆಂಬುದು ಸಿಕ್ಕರೆ ಅಲ್ಲೊಂದು ಸಣ್ಣ ಫಲಕ ಹಾಕಬಹುದು.

ಅಜ್ಜಿ ತೀರಿಕೊಂಡ ಮೇಲೆ ಟ್ರಂಕು ನನ್ನ ಪಾಲಿಗೆ ಬಂದಿದೆ. ಹಾಳೆ ಹಳದಿಯಾಗಿದೆ, ಎದ್ದ ಮೂಲೆ ಹರಿದುಹೋಗಿದೆ. ಮುಖಕ್ಕೆ ಏನೂ ಆಗಿಲ್ಲ. ಮೊದಲ ಪ್ರದರ್ಶನದ ದಿನ ಬಾಗಿಲ ಬಳಿ ಒಂದು ಮೇಜು ಹಾಕಿಸಿ. ಮುಚ್ಚಳ ತೆರೆದ ಟ್ರಂಕನ್ನು ನಾನೇ ತಂದು ಅದರ ಮೇಲೆ ಇಡುತ್ತೇನೆ.

ತಮ್ಮ ವಿಶ್ವಾಸಿ,
ಧಾರವಾಡದ ನಿವೃತ್ತ ಶಿಕ್ಷಕಿ