ಕೋಡಿ ಹಳ್ಳ ನೋಡಿ ಅನುಮತಿ ಕೊಡಿ

ಮಾನ್ಯರೆ,

ನಮ್ಮೂರ ಕೆರೆಯ ಕೆಳಗಿನ ಜಮೀನುಗಳನ್ನು ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು 15 ದಿನಗಳೊಳಗೆ ಸಲ್ಲಿಸಬೇಕು ಎಂಬ ಪ್ರಕಟಣೆಯನ್ನು ಯೋಜನಾ ಪ್ರಾಧಿಕಾರವು ಇತ್ತೀಚೆಗೆ ಪತ್ರಿಕೆಯೊಂದರಲ್ಲಿ ಕೊಟ್ಟಿತ್ತು. ಕಳೆದುಹೋದ ಅಂಕಪಟ್ಟಿ, ಹೆಸರು ಬದಲಾವಣೆಯ ಜಾಹೀರಾತುಗಳ ನಡುವೆ ಬೆಂಕಿಪೊಟ್ಟಣದಷ್ಟು ಜಾಗ. ಅದರ ತುಂಬ ಸರ್ವೆ ನಂಬರು, ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ ವಿವರ. ಹಾಲಿನ ಡೇರಿಯ ಮುಂದೆ ನಾನು ಓದಿ ಹೇಳಿದ ಮೇಲೆಯೇ ಊರಿನ ಬಹಳಷ್ಟು ಜನರಿಗೆ ವಿಷಯ ಗೊತ್ತಾಯಿತು.

ಆ ಚಕ್ಕುಬಂದಿಯಲ್ಲಿ ‘ದಕ್ಷಿಣಕ್ಕೆ: ಸರ್ಕಾರಿ ಖರಾಬು’ ಎಂದಿದೆ. ಆ ಖರಾಬು ಬೇರೇನೂ ಅಲ್ಲ, ಕೆರೆ ತುಂಬಿದಾಗ ಹೆಚ್ಚಾದ ನೀರು ಹರಿದುಹೋಗುವ ನಮ್ಮ ಕೋಡಿ ಹಳ್ಳ. ಮಳೆ ಕೈಕೊಟ್ಟ ವರ್ಷ ಅಲ್ಲಿ ಕುರಿ ಮೇಯುತ್ತವೆ, ದಡದಲ್ಲಿ ಲಕ್ಕಿ ಗಿಡ, ಹೊಂಗೆ ಬೆಳೆದುಕೊಂಡಿವೆ. ಬೇಸಿಗೆಯಲ್ಲಿ ಬಂದು ನೋಡಿದವರಿಗೆ ಅದು ಬಂಡಿದಾರಿ ಎನಿಸಿದರೆ ಆಶ್ಚರ್ಯವಿಲ್ಲ. 2022ರಲ್ಲಿ ಕೆರೆ ಕೋಡಿ ಬಿದ್ದಾಗ ಅದೇ ಹಳ್ಳದಲ್ಲಿ ಎದೆಮಟ್ಟ ನೀರು ಹರಿಯಿತು. ಎರಡೂ ಬದಿಯ ರಾಗಿ ಹೊಲಗಳು ಮುಳುಗಿದವು, ದಸರಾ ಮಾರುಕಟ್ಟೆಗೆಂದು ನಾವು ಹಾಕಿದ್ದ ಸೇವಂತಿಗೆ ಗಿಡದಲ್ಲೇ ಕೊಳೆಯಿತು. ನಮ್ಮ ಮಾವನವರು ಕೆರೆಯ ತೂಬು ಎತ್ತಿ ಹೊಲಗಳಿಗೆ ನೀರು ಬಿಡುವ ಊರಿನ ನೀರಗಂಟಿಯಾಗಿದ್ದವರು. ತೂಬಿನ ನೀರು ಹೇಳಿದ ಮಾತು ಕೇಳುತ್ತದೆ, ಕೋಡಿ ನೀರು ಯಾರ ಮಾತನ್ನೂ ಕೇಳುವುದಿಲ್ಲ ಎನ್ನುತ್ತಿದ್ದರು.

ಈಗ ಸಂತೆಯಲ್ಲಿ ಹಂಚುತ್ತಿರುವ ಬಡಾವಣೆಯ ಬಣ್ಣದ ಕರಪತ್ರದಲ್ಲಿ ಈ ಹಳ್ಳ ಇಲ್ಲವೇ ಇಲ್ಲ. ಅದು ಹರಿಯುವ ಕಡೆ ಒಂದು ರಸ್ತೆ, ಅದರ ಪಕ್ಕಕ್ಕೆ ಮೂವತ್ತು ನಲವತ್ತರ ನಿವೇಶನಗಳ ಸಾಲು, ಮೂಲೆಯಲ್ಲಿ ಮಕ್ಕಳ ಜಾರುಬಂಡೆ. ಅನುಮತಿಗೆ ಮೊದಲೇ ನಿವೇಶನಗಳಿಗೆ ನಂಬರು ಬಿದ್ದಿದೆ! ನಮ್ಮ ಸೊಸೆ ಕೆರೆ ಏರಿಯ ಮೇಲೆ ನಿಂತು, ಸರ್ವೆ ನಕ್ಷೆ ತೋರಿಸುವ ಸರ್ಕಾರದ್ದೇ ‘ದಿಶಾಂಕ್’ ಆ್ಯಪ್ ತೆರೆದು ತೋರಿಸಿದಳು. ಕೋಡಿಯಿಂದ ಹೊರಟ ಗೆರೆ ಸರ್ವೆ ನಂಬರುಗಳ ನಡುವೆ ಅಂಕುಡೊಂಕಾಗಿ ಸಾಗಿ ಕೆಳಗಿನ ಊರಿನ ಕೆರೆ ಸೇರುತ್ತದೆ. ಮೊಬೈಲಿನಲ್ಲಿ ಕಾಣುವ ಹಳ್ಳ ಕರಪತ್ರ ಮಾಡಿದವರಿಗೆ ಕಾಣಲಿಲ್ಲವೇ?

ಖರಾಬು ಎಂದರೆ ಕೆಲಸಕ್ಕೆ ಬಾರದ ನೆಲ ಎಂದು ಪಟ್ಟಣದವರು ತಿಳಿದಿರಬಹುದು. ಕರ್ನಾಟಕ ಭೂಕಂದಾಯ ನಿಯಮಗಳು 1966ರ 21(2)ನೇ ನಿಯಮ ಖರಾಬನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಬೇಸಾಯಕ್ಕೆ ಒದಗದ ನೆಲ ‘ಎ’, ದಾರಿ, ಹಳ್ಳ, ಕೆರೆಯಂತೆ ಸಾರ್ವಜನಿಕರಿಗೆ ಸೇರಿದ್ದು ‘ಬಿ’. ನಮ್ಮದು ‘ಬಿ’. ಅದನ್ನು ಬರಿದೆ ‘ಸರ್ಕಾರಿ ಖರಾಬು’ ಎಂದು ಬರೆದು ಮುಗಿಸಿದರೆ ಕಚೇರಿಯಲ್ಲಿ ಕಡತ ನೋಡುವವರಿಗೆ ಅಲ್ಲಿ ನೀರು ಹರಿಯುತ್ತದೆ ಎಂದು ತಿಳಿಯುವುದಾದರೂ ಹೇಗೆ?

ಜಮೀನು ಮಾರಿದವರನ್ನು ನಾನು ದೂರುವುದಿಲ್ಲ. ಅಣ್ಣತಮ್ಮಂದಿರಲ್ಲಿ ಹಿಸ್ಸೆಯಾಗಿ ಉಳಿದಿರುವುದು ಗುಂಟೆಗಳ ಲೆಕ್ಕ, ಕೊಳವೆಬಾವಿ ಸಾವಿರ ಅಡಿ ದಾಟಿದೆ, ಮಗಳ ಮದುವೆ ರಾಗಿಯಿಂದ ಆಗುವುದಿಲ್ಲ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಮುಂತಾದ ಸೆಕ್ಷನ್‌ಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಕೊಳ್ಳಲು ಯಾರು ಬೇಕಾದರೂ ಬರಬಹುದು, ಬರುತ್ತಿದ್ದಾರೆ. ಪಹಣಿಯಲ್ಲಿ ‘ತರಿ’ (ಕೆರೆ ನೀರು ಹಾಯುವ ಜಮೀನು) ಎಂದಿದ್ದರೂ ತೂಬು ಎತ್ತಿ ಹತ್ತು ವರ್ಷಕ್ಕೂ ಮೇಲಾಯಿತು, ಇದನ್ನು ನೀರಾವರಿ ಜಮೀನು ಎನ್ನಲಾಗದು ಎನ್ನುವುದು ಅರ್ಜಿದಾರರ ಕಡೆಯವರ ವಾದ. ತೂಬು ಎತ್ತದಿರುವುದು ನಿಜ. ಆದರೆ ಕೆರೆಯಲ್ಲಿ ನೀರು ನಿಂತ ವರ್ಷ ಅಚ್ಚುಕಟ್ಟಿನ ಕೊಳವೆಬಾವಿಗಳಿಗೆ ಜೀವ ಬರುತ್ತದೆ. ಇನ್ನು ಮನೆಗಳ ಅಗತ್ಯದ ಮಾತು: ಮುಖ್ಯರಸ್ತೆಯ ಹಳೆಯ ಬಡಾವಣೆಯಲ್ಲಿ ಮನೆಗಿಂತ ಪಾರ್ಥೇನಿಯಂ ಹೆಚ್ಚು. ಅದು ತುಂಬುವ ಮೊದಲೇ ಇನ್ನೊಂದಕ್ಕೆ ಏನವಸರ?

ಆಕ್ಷೇಪಣೆ ಕೊಡಲು ಕಚೇರಿಗೆ ಹೋದಾಗ ಸಿಬ್ಬಂದಿ ಮರ್ಯಾದೆಯಿಂದಲೇ ಮಾತನಾಡಿದರು, ಸ್ವೀಕೃತಿಯ ಮೊಹರನ್ನೂ ಹಾಕಿಕೊಟ್ಟರು. ಆದರೆ, ‘ಅಮ್ಮಾ, ಈಗ ನಡೆಯುತ್ತಿರುವುದು ಭೂ ಉಪಯೋಗ ಬದಲಾವಣೆ ಮಾತ್ರ, ಹಳ್ಳದ ವಿಚಾರ ಬಡಾವಣೆ ನಕ್ಷೆ ಬಂದಾಗ ನೋಡುತ್ತೇವೆ’ ಎಂದರು. ನಕ್ಷೆ ಅನುಮೋದಿಸುವ ಹೊತ್ತಿಗೆ ಊರಿನವರನ್ನು ಕರೆದು ಕೇಳುವ ಪದ್ಧತಿಯೇ ಇಲ್ಲ. ನಮಗೆ ಬಾಯಿ ಇರುವುದು ಈ ಹಂತದಲ್ಲಿ ಮಾತ್ರ. ಸರ್ಕಾರವೇ 2013ರ ಭೂಸ್ವಾಧೀನ ಕಾಯ್ದೆಯಡಿ ಭೂಮಿ ವಶಪಡಿಸಿಕೊಳ್ಳುವಾಗ ಸಾಮಾಜಿಕ ಪರಿಣಾಮದ ಅಧ್ಯಯನ, ಸಾರ್ವಜನಿಕ ಅಹವಾಲು ಎಂದೆಲ್ಲ ಇದೆ. ಖಾಸಗಿಯವರು ಕೊಂಡು ಬಡಾವಣೆ ಮಾಡಿದರೆ ಪಕ್ಕದ ಹೊಲದವಳಿಗೆ ಸಿಗುವುದು ಈ ಪುಟ್ಟ ಪ್ರಕಟಣೆ ಮಾತ್ರ. ಅದಕ್ಕೂ ಒಂದು ಮಾತು: ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಸೆಕ್ಷನ್ ಹೇಳುವುದು ‘15 ದಿನಗಳಿಗೆ ಕಡಿಮೆ ಇಲ್ಲದಂತೆ’ ಎಂದು. 15 ದಿನವೇ ಕೊಡಬೇಕು, ಹೆಚ್ಚು ಕೊಡಬಾರದು ಎಂದು ಎಲ್ಲಿಯೂ ಹೇಳಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಬಡಾವಣೆಗಳಿಗೆ, ಯಮಲೂರಿಗೆ ನೀರು ನುಗ್ಗಿ ಕಾರುಗಳು ಮುಳುಗಿದಾಗ ಐಟಿ ಕಂಪನಿಗಳ ಜನ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದುದನ್ನು ಟಿ.ವಿ.ಯಲ್ಲಿ ನೋಡಿದೆವು. ಇಲ್ಲಿ ಹಾಗಾದರೆ ಟ್ರ್ಯಾಕ್ಟರ್ ಕೊಡಲು ನಾವೇನೋ ಸಿದ್ಧ. ಆದರೆ ಸಾಲ ಮಾಡಿ ನಿವೇಶನ ಕೊಂಡವರಿಗೆ ಮೊದಲೇ ಹೇಳುವವರು ಯಾರು?

ಪ್ರಾಧಿಕಾರಕ್ಕೆ ನನ್ನ ಮನವಿ ಇಷ್ಟು. ಆಕ್ಷೇಪಣೆಯ ಅವಧಿಯನ್ನು ಹಿಂಗಾರು ಮುಗಿಯುವವರೆಗೆ ವಿಸ್ತರಿಸಿ. ಭೂಮಾಪಕರನ್ನು ಕರೆತಂದು, ಹಳೆಯ ಗ್ರಾಮ ನಕಾಶೆ ಹಿಡಿದು, ಹಳ್ಳದ ಎರಡೂ ದಡಕ್ಕೆ ಕಲ್ಲು ನೆಟ್ಟ ನಂತರವೇ ಅರ್ಜಿಯನ್ನು ಸಭೆಯ ಮುಂದಿಡಿ. ವಿಚಾರಣೆಯನ್ನು ನಮ್ಮ ಗ್ರಾಮ ಪಂಚಾಯಿತಿಯಲ್ಲೇ ನಡೆಸಿ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಹೊತ್ತು ಬಿಟ್ಟು ಯಾವಾಗ ಕರೆದರೂ ಬರುತ್ತೇವೆ.

– ಒಬ್ಬ ರೈತ ಮಹಿಳೆ, ಬೆಂಗಳೂರು ಗ್ರಾಮಾಂತರ ಜಿಲ್ಲೆ
(ಹೆಸರು, ವಿಳಾಸವನ್ನು ಪತ್ರಿಕೆಗೆ ತಿಳಿಸಿದ್ದೇನೆ)