ಬೆಳೆಗೆ ಎಣ್ಣೆ ಹೊಡೆಯುವವರ ಲೆಕ್ಕ ಯಾರ ಬಳಿ ಇದೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹಣ್ಣು, ತರಕಾರಿಗಳಲ್ಲಿ ಉಳಿದುಹೋಗುವ ಕೀಟನಾಶಕದ ಅಂಶದ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಲೇಖನಗಳು ಬರುತ್ತಿರುತ್ತವೆ. ದ್ರಾಕ್ಷಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಹೂಕೋಸನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯಿರಿ ಎಂಬ ಸಲಹೆಗಳೂ ಜೊತೆಗಿರುತ್ತವೆ. ಕೊಂಡು ತಿನ್ನುವವರ ಆತಂಕ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ದ್ರಾಕ್ಷಿಯ ಸಿಪ್ಪೆಗೆ ಅಂಟುವುದಕ್ಕೆ ಎಷ್ಟೋ ಮೊದಲು ಆ ವಿಷ ಪಂಪು ಹೊತ್ತ ಕೂಲಿಯಾಳಿನ ಬೆನ್ನಿಗೆ, ಅಂಗೈಗೆ, ಉಸಿರಿಗೆ ತಾಗಿರುತ್ತದೆ. ಆತನಿಗೆ ಏನಾಯಿತೆಂಬುದು ಮಾತ್ರ ಎಲ್ಲಿಯೂ ದಾಖಲಾಗುವುದಿಲ್ಲ. ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕನಾಗಿ ಕೆಲಸ ಮಾಡಿ ನಿವೃತ್ತನಾದ ನಾನು ಈ ಒಂದು ಸಂಗತಿಯನ್ನು ತಮ್ಮ ಓದುಗರ ಮುಂದಿಡಬಯಸುತ್ತೇನೆ.

ನಮ್ಮ ಭಾಗದಲ್ಲಿ ಹತ್ತಿಗೆ ಎಣ್ಣೆ (ಕೀಟನಾಶಕಕ್ಕೆ ಇಲ್ಲಿನ ಮಾತು) ಹೊಡೆಯುವ ಕೆಲಸ ಜೋರಾಗುವ ಹೊತ್ತಿಗೆ ಗಿಡ ಎದೆಯೆತ್ತರ ಬೆಳೆದು, ಸಾಲುಗಳು ಕೂಡಿಕೊಂಡಿರುತ್ತವೆ. ಹೊಡೆದ ತುಂತುರು ಎಲೆಗಳ ನಡುವೆಯೇ ನಿಂತು, ಮುಂದೆ ನಡೆಯುವ ಆಳಿನ ಎದೆಗೆ, ಮುಖಕ್ಕೆ ಬಡಿಯುತ್ತದೆ. ಕೂಲಿ ಪಂಪಿನ ಲೆಕ್ಕದಲ್ಲಿ ಇರುವುದರಿಂದ ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆ ಎಂದು ನೋಡಿ ನಿಲ್ಲುವ ವ್ಯವಧಾನ ಯಾರಿಗೂ ಇರುವುದಿಲ್ಲ. ಪಂಪಿನ ಮುಚ್ಚಳದ ವಾಷರ್ ಸವೆದಿದ್ದರೆ ನಡೆದಂತೆಲ್ಲ ದ್ರಾವಣ ತುಳುಕಿ, ಅಂಗಿ ತೊಯ್ದು ಬೆನ್ನಿಗೆ ಅಂಟಿರುತ್ತದೆ. ರಕ್ಷಣೆಗೆಂದು ಮೂಗಿಗೆ ಕಟ್ಟಿದ ಟವೆಲ್ಲು ಸ್ವಲ್ಪ ಹೊತ್ತಿಗೇ ಒದ್ದೆಯಾಗಿ, ಆಮೇಲೆ ವಿಷವನ್ನು ಮೂಗಿನ ಹತ್ತಿರವೇ ಹಿಡಿದಿಡುವ ಕೆಲಸ ಮಾಡುತ್ತದೆ. ನಾಜಲ್ ಕಟ್ಟಿಕೊಂಡಾಗ ಬಾಯಿಂದ ಊದಿ ಬಿಡಿಸುವವರನ್ನು ಕಂಡು ಎಷ್ಟೋ ಸಲ ಬೈದಿದ್ದೇನೆ. ಬೈದದ್ದರಿಂದ ಪ್ರಯೋಜನವಾಯಿತೆಂದು ಹೇಳಲಾರೆ. ಮರುದಿನ ಅದೇ ಹೊಲಕ್ಕೆ ಕಳೆ ತೆಗೆಯಲು ಹೆಣ್ಣಾಳುಗಳು ಇಳಿಯುತ್ತಾರೆ.

ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಹುಳುವನ್ನು ಕೊಲ್ಲುವ ಬಗೆಯಲ್ಲೇ ಮನುಷ್ಯನ ದೇಹದಲ್ಲೂ ಕೆಲಸ ಮಾಡುತ್ತವೆ. ನರದಿಂದ ನರಕ್ಕೆ, ನರದಿಂದ ಸ್ನಾಯುವಿಗೆ ಹೋಗುವ ಸೂಚನೆಯನ್ನು ಸಮಯಕ್ಕೆ ಸರಿಯಾಗಿ ನಿಲ್ಲಿಸುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಅವು ಕಟ್ಟಿಹಾಕುತ್ತವೆ. ಆಗ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ವಿಪರೀತ ಬೆವರು, ವಾಂತಿ ಶುರುವಾಗಿ, ಕಣ್ಣಿನ ಪಾಪೆ ಕಿರಿದಾಗುತ್ತದೆ. ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ಇಷ್ಟು ತೀವ್ರವಾದಾಗ ಜನ ಆಸ್ಪತ್ರೆಗೆ ಓಡುತ್ತಾರೆ, ಅಟ್ರೋಪಿನ್ ಎಂಬ ಮದ್ದು ಸಿಕ್ಕರೆ ಬದುಕುತ್ತಾರೆ. ಆದರೆ ತಲೆನೋವು, ತಲೆಸುತ್ತು, ಕಣ್ಣು ಮಸುಕಾಗುವುದು, ಕೈ ನಡುಗುವುದು ಇಷ್ಟಕ್ಕೇ ನಿಂತರೆ ಬಿಸಿಲು ಬಡಿದಿದೆಯೆಂದು ಮಜ್ಜಿಗೆ ಕುಡಿದು ಮಲಗಿ, ಮಾರನೆಯ ಬೆಳಿಗ್ಗೆ ಮತ್ತೆ ಪಂಪು ಹೊರುತ್ತಾರೆ. ಕಳೆದುಹೋದ ಕಿಣ್ವವನ್ನು ದೇಹ ಮರಳಿ ತುಂಬಿಕೊಳ್ಳಲು ವಾರಗಟ್ಟಲೆ ಬೇಕಾಗುವುದರಿಂದ, ದಿನವೂ ತಾಗಿದ ಸ್ವಲ್ಪಸ್ವಲ್ಪವೇ ಸೇರಿ ಒಂದು ದಿನ ಆಳು ಹೊಲದಲ್ಲೇ ಕುಸಿಯುವುದುಂಟು.

ಇಂಥವರ ಲೆಕ್ಕ ಸಿಗದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ವಿಷದ ಪ್ರಕರಣ ಎಂದೊಡನೆ ಆತ್ಮಹತ್ಯೆಯ ಯತ್ನವಿರಬಹುದೆಂಬ ಅನುಮಾನ ಬರುತ್ತದೆ, ಪೊಲೀಸರಿಗೆ ತಿಳಿಸಬೇಕಾಗುತ್ತದೆ. ಠಾಣೆಯ ಉಸಾಬರಿ ಬೇಡವೆಂದು ಮನೆಯವರು ಹೊಲದ ಮಾತನ್ನೇ ಎತ್ತುವುದಿಲ್ಲ. ಚೀಟಿಯಲ್ಲಿ ವಾಂತಿ, ಸುಸ್ತು ಎಂದಷ್ಟೇ ದಾಖಲಾಗುತ್ತದೆ. 1968ರ ಕೀಟನಾಶಕ ಕಾಯ್ದೆಯ 26ನೇ ಕಲಂ ಇದಕ್ಕೆಂದೇ ಇದೆ. ಕೀಟನಾಶಕದಿಂದ ವಿಷವೇರಿದ ಪ್ರಕರಣಗಳನ್ನು ತಪ್ಪದೇ ವರದಿ ಮಾಡಬೇಕೆಂದು ಅಧಿಸೂಚನೆ ಹೊರಡಿಸುವ ಅಧಿಕಾರವನ್ನು ಅದು ರಾಜ್ಯ ಸರ್ಕಾರಕ್ಕೆ ಕೊಡುತ್ತದೆ. ನನ್ನ ಸೇವಾವಧಿಯಲ್ಲಿ ಅಂಥ ವರದಿಯ ನಮೂನೆಯೊಂದನ್ನು ಯಾರೂ ನನ್ನ ಕೈಗೆ ಕೊಟ್ಟಿದ್ದಿಲ್ಲ.

ಲೆಕ್ಕವಿಡದಿದ್ದರೆ ಏನಾಗುತ್ತದೆ ಎಂಬುದನ್ನು ಎಂಡೋಸಲ್ಫಾನ್ ಎಂಬ ಕೀಟನಾಶಕ ನಮಗೆ ತೋರಿಸಿದೆ. ಕಾಸರಗೋಡಿನ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಅದನ್ನು ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಕೊಕ್ಕಡದಂಥ ಊರುಗಳ ಗೇರು ತೋಟಗಳಲ್ಲೂ ಇದೇ ನಡೆಯಿತು. ಕಾಸರಗೋಡಿನ ಪಡ್ರೆ ಗ್ರಾಮದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಅವರು ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ, ಕ್ಯಾನ್ಸರ್‌ಗಳು ಒಂದು ಸಣ್ಣ ಪ್ರದೇಶದಲ್ಲೇ ಇಷ್ಟೊಂದು ಏಕೆ ಎಂದು ಕೇಳದೇ ಇದ್ದಿದ್ದರೆ, ಪತ್ರಕರ್ತ ಶ್ರೀಪಡ್ರೆಯವರು ಬರೆಯದೇ ಇದ್ದಿದ್ದರೆ, ಈ ವಿಷಯ ಹೊರಗೆ ಬರಲು ಇನ್ನೆಷ್ಟು ಕಾಲ ಬೇಕಾಗುತ್ತಿತ್ತೋ. ಕರ್ನಾಟಕ ಸರ್ಕಾರ ಎಂಡೋಸಲ್ಫಾನ್ ಅನ್ನು ತಡೆದದ್ದು 2011ರ ಫೆಬ್ರವರಿಯಲ್ಲಿ. ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹೇರಿದ್ದು ಅದೇ ವರ್ಷದ ಮೇ 13ರಂದು. ಆ ಕಾಯಿಲೆಗಳಿಗೆ ಎಂಡೋಸಲ್ಫಾನೇ ಕಾರಣವೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಸಿಂಪಡಣೆಗೆ ಮೊದಲು ಅಲ್ಲಿನ ಜನರ ಆರೋಗ್ಯ ಹೇಗಿತ್ತು, ನಂತರ ವರ್ಷದಿಂದ ವರ್ಷಕ್ಕೆ ಹೇಗಾಯಿತು ಎಂಬ ದಾಖಲೆಯನ್ನು ಸರ್ಕಾರಗಳು ಇಟ್ಟಿದ್ದರೆ ಆ ವಾದ ಅಷ್ಟು ಎಳೆಯುತ್ತಿರಲಿಲ್ಲ. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಹಾಸಿಗೆಯಲ್ಲೇ ದೊಡ್ಡವರಾದರು, ಅವರನ್ನು ನೋಡಿಕೊಳ್ಳುವ ತಾಯಂದಿರು ಮುದುಕಿಯರಾದರು.

ಕೀಟನಾಶಕ ಕಾಯ್ದೆ ಹುಟ್ಟಿದ್ದೂ ಹೀಗೆಯೇ, ಸಾವಿನ ನಂತರ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ಬೆರೆತ ಹಿಟ್ಟನ್ನು ತಿಂದು 100ಕ್ಕೂ ಹೆಚ್ಚು ಜನ ಸತ್ತ ಮೇಲೆ ನೇಮಕವಾದ ಆಯೋಗದ ವರದಿಯೇ ಅದಕ್ಕೆ ಮೂಲ. ಅದರ ನಿಯಮಗಳಲ್ಲಿ ರಕ್ಷಣಾ ಉಡುಪು, ಉಸಿರಾಟದ ಮುಖವಾಡ, ಕೆಲಸಗಾರರ ವೈದ್ಯಕೀಯ ತಪಾಸಣೆ ಎಲ್ಲವೂ ಇವೆ. ಆದರೂ 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದ ಹತ್ತಿ ಹೊಲಗಳಲ್ಲಿ ಸಿಂಪಡಣೆ ಮಾಡುತ್ತಿದ್ದ 20ಕ್ಕೂ ಹೆಚ್ಚು ಮಂದಿ ತೀರಿಕೊಂಡರು, ನೂರಾರು ಜನ ಆಸ್ಪತ್ರೆ ಸೇರಿದರು. ಆಳೆತ್ತರ ಬೆಳೆದ ಗಿಡ, ಸೆಕೆ, ಎರಡು ಮೂರು ಎಣ್ಣೆ ಬೆರೆಸಿ ಹೊಡೆಯುವ ಅಭ್ಯಾಸ ಇವೆಲ್ಲ ಅಲ್ಲಿ ಚರ್ಚೆಗೆ ಬಂದವು. ಇವುಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಇಲ್ಲದ್ದು ಯಾವುದೂ ಇಲ್ಲ.

ಮೊನೊಕ್ರೊಟೊಫಾಸ್ ಎಂಬ ಕೀಟನಾಶಕದ ವಿಚಾರವನ್ನೇ ನೋಡಿ. ತರಕಾರಿಗೆ ಹೊಡೆಯುವುದನ್ನು 2005ರಲ್ಲೇ ನಿಷೇಧಿಸಿ, ಹತ್ತಿಯಂಥ ಬೆಳೆಗಳಿಗೆ ಮಾತ್ರ ಉಳಿಸಿಕೊಳ್ಳಲಾಗಿತ್ತು; ಹೊಲಕ್ಕೆ ಹೊಡೆಯುವ ಅದರ ದ್ರಾವಣವನ್ನೇ ನಿಲ್ಲಿಸುವ ಆದೇಶ ಬಂದದ್ದು 2023ರಲ್ಲಿ. ಯಾವ ಬೆಳೆಗೆ ಎಂದು ಕೇಳಿ ಡಬ್ಬಿ ಕೊಟ್ಟ ಅಂಗಡಿಯನ್ನು ನಾನು ಕಾಣೆ. ಡಬ್ಬಿಯ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕ, ಅದರ ಕೆಳಭಾಗದಲ್ಲಿ ಕೆಂಪು, ಮೇಲೆ ತಲೆಬುರುಡೆ ಇರುತ್ತದೆ. ಜೊತೆಗಿನ ಕರಪತ್ರದಲ್ಲಿ ಪ್ರಥಮ ಚಿಕಿತ್ಸೆಯ ವಿವರವೂ ಇರುತ್ತದೆ. ಆದರೆ ಅದರ ಅಕ್ಷರ ಇರುವೆಗಿಂತ ಸಣ್ಣದು, ಪಂಪಿಗೆ ಎಣ್ಣೆ ಬೆರೆಸುವ ಕೂಲಿಯ ಕೈಗೆ ಅದು ಬರುವುದೂ ಇಲ್ಲ. ಉದ್ರಿ ಕೊಡುವವನೂ ಸಲಹೆ ಕೊಡುವವನೂ ಒಬ್ಬನೇ ಅಂಗಡಿಯವನಾಗಿರುವಾಗ ರೈತ ಯಾರ ಮಾತನ್ನು ಮೀರಿಯಾನು?

ಪರಿಸರದ ಮಾತು ಇದರಿಂದ ಬೇರೆಯಲ್ಲ. ಪಂಪು ತೊಳೆದ ನೀರು ತುಂಗಭದ್ರಾ ಎಡದಂಡೆ ಕಾಲುವೆಯ ಉಪಕಾಲುವೆಗೆ ಹೋಗುತ್ತದೆ. ಕಾಲುವೆಯ ನೀರು ತುಂಬಿಸಿಕೊಂಡ ಕೆರೆಗಳಿಂದ ಹಳ್ಳಿಗಳಿಗೆ ಕುಡಿಯುವ ನೀರು ಬರುತ್ತದೆ. ಗಿಡದ ಹೇನು ತಿನ್ನುವ ಗುಲಗಂಜಿ ಹುಳು, ಹೂವಿಗೆ ಬರುವ ಜೇನು ಮೊದಲು ಸಾಯುತ್ತವೆ. 2002ರಲ್ಲಿ, ಕಾಯಿಕೊರಕವನ್ನು ಗಿಡವೇ ಕೊಲ್ಲುವಂತೆ ಮಾರ್ಪಡಿಸಿದ ಬಿಟಿ ಹತ್ತಿ ಬಂದಾಗ ಕಾಯಿಕೊರಕಕ್ಕೆ ಹೊಡೆಯುವ ಎಣ್ಣೆ ಇಳಿಯಿತು. ಆದರೆ ಜಿಗಿಹುಳು, ಬಿಳಿನೊಣಗಳ ಕಾಟ ಏರಿತು, ಕೆಲವು ವರ್ಷಗಳಲ್ಲಿ ಗುಲಾಬಿ ಕಾಯಿಕೊರಕವೂ ಬಿಟಿಯನ್ನು ಅರಗಿಸಿಕೊಂಡು ಮರಳಿತು. ಪಂಪು ಮತ್ತೆ ಆಳಿನ ಬೆನ್ನೇರಿತು.

ಎಲ್ಲ ಕೀಟನಾಶಕವನ್ನೂ ನಾಳೆಯೇ ನಿಲ್ಲಿಸಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಬೆಳೆ ಹೋದರೆ ಸಾಲ ತೀರುವುದಿಲ್ಲ ಎಂಬುದು ನನಗೆ ಗೊತ್ತು. ರಾಜ್ಯ ಸರ್ಕಾರಕ್ಕೆ ತಾನಾಗಿ ಒಂದು ಕೀಟನಾಶಕವನ್ನು ತಡೆಯಲು ಕಾಯ್ದೆ ಕೊಡುವ ಅವಧಿಯೂ 60 ದಿನ, ಹೆಚ್ಚೆಂದರೆ ಇನ್ನೂ 30 ದಿನ. ಅದರಾಚೆಗೆ ಕೇಂದ್ರದ ಮುಂದೆ ವಾದಿಸಲು ಅಂಕಿ-ಅಂಶ ಬೇಕೇ ಬೇಕು. ಆದ್ದರಿಂದ 26ನೇ ಕಲಮಿನ ಅಡಿಯಲ್ಲಿ ಸರ್ಕಾರ ಸ್ಪಷ್ಟ ಆದೇಶ ಹೊರಡಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಖಾಸಗಿ ದವಾಖಾನೆಗಳೂ ಅದನ್ನು ಪಾಲಿಸುವಂತೆ ನೋಡಿಕೊಳ್ಳಬೇಕು. ಯಾವ ಎಣ್ಣೆ, ಯಾವ ಬೆಳೆ, ಹೊಡೆದದ್ದೋ ಬೆರೆಸಿದ್ದೋ ಕಳೆ ತೆಗೆದದ್ದೋ, ಎಷ್ಟು ದಿನದಿಂದ ಎಂದು ಕೇಳುವ ಒಂದು ಪುಟದ ನಮೂನೆ ಸಾಕು. ಆಶಾ ಕಾರ್ಯಕರ್ತೆಯರೂ ಅದನ್ನು ತುಂಬಬಲ್ಲರು. ಹೊಲದಲ್ಲಿ ವಿಷವೇರಿದವರನ್ನು ಠಾಣೆಗೆ ಅಲೆಸದಂತೆ ಪ್ರತ್ಯೇಕ ಸೂಚನೆಯೂ ಅದರಲ್ಲಿರಲಿ. ಸಿಂಪಡಣೆಯ ತಿಂಗಳುಗಳಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಕೋಲಿನೆಸ್ಟರೇಸ್ ರಕ್ತಪರೀಕ್ಷೆ ಉಚಿತವಾಗಿ ಸಿಗಬೇಕು, ಹಳ್ಳಿಯ ಕೇಂದ್ರದಲ್ಲಿ ಅಟ್ರೋಪಿನ್ ಇರಬೇಕು. ಹೀಗೆ ಸಿಕ್ಕ ಲೆಕ್ಕವನ್ನು ಪ್ರತಿ ವರ್ಷ ಮುಂಗಾರು ಬಿತ್ತನೆಗೆ ಮುಂಚೆ ತಾಲ್ಲೂಕುವಾರು ಪ್ರಕಟಿಸಬೇಕೆಂದು ಕೃಷಿ ಮತ್ತು ಆರೋಗ್ಯ ಸಚಿವರಿಬ್ಬರನ್ನೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕ,
ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ