ಗೇರ್‌ಬಾಕ್ಸ್ ಬದಲಿಸುವ ಮೊದಲು: ಮಗಳಿಗೊಂದು ಪತ್ರ

ಚಿ. ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕಾರಿನ ರಿಪೇರಿಗೆ ಸರ್ವಿಸ್ ಸೆಂಟರ್‌ನವರು ಕೊಟ್ಟ, ನೀನು ಕಳುಹಿಸಿದ ಅಂದಾಜುಪಟ್ಟಿಯನ್ನು ಪೂರ್ತಿ ಓದಿದೆ. ಗೇರ್‌ಬಾಕ್ಸನ್ನೇ ಹೊಸದಾಗಿ ಹಾಕಬೇಕು, ಕೂಲಿ ಸೇರಿ 1,95,000 ರೂಪಾಯಿ ಆಗುತ್ತದೆ ಎಂದು ಬರೆದಿದ್ದಾರೆಯೇ ಹೊರತು, ಒಳಗೆ ಕೆಟ್ಟಿರುವುದು ಯಾವುದು ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಅದು ತಿಳಿಯುವವರೆಗೆ ರಿಪೇರಿ ಮಾಡಿಸುವುದೋ, ಬದಲಿಸುವುದೋ, ಗಾಡಿಯನ್ನೇ ಮಾರುವುದೋ ಎಂದು ನೀವಿಬ್ಬರೂ ತಲೆ ಕೆಡಿಸಿಕೊಳ್ಳುವುದರಲ್ಲಿ ಪ್ರಯೋಜನವಿಲ್ಲ.

ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ‘ಡಿ’ಗೆ ಹಾಕಿದರೆ ಗಾಡಿ ತಡೆದು ಹೊರಡುತ್ತದೆ, ಎರಡನೆಯ ಗೇರಿನಿಂದ ಮೂರಕ್ಕೆ ಹೋಗುವಾಗ ಜರ್ಕ್ ಹೊಡೆಯುತ್ತದೆ, ಬಿಸಿಯಾದ ಮೇಲೆ ಬಹುಮಟ್ಟಿಗೆ ಸರಿಹೋಗುತ್ತದೆ ಎಂದು ನೀನು ಹೇಳಿದೆ. ನಿನ್ನದು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್. ಅದರಲ್ಲಿ ಒಂದೊಂದು ಗೇರೂ ಬೀಳುವುದು ಆಯಿಲ್‌ನ ಒತ್ತಡ ಒಳಗಿನ ಕ್ಲಚ್ ಪ್ಲೇಟುಗಳನ್ನು ಬಿಗಿಹಿಡಿದಾಗ, ಮತ್ತು ಆ ಒತ್ತಡ ಯಾವಾಗ ಎಲ್ಲಿಗೆ ಹೋಗಬೇಕೆಂಬುದನ್ನು ನಡೆಸುವುದು ಆಯಿಲ್‌ನ ದಾರಿಗಳಿರುವ ವಾಲ್ವ್ ಬಾಡಿ ಮತ್ತು ಅದರ ವಿದ್ಯುತ್ ವಾಲ್ವ್‌ಗಳಾದ ಸೊಲೆನಾಯ್ಡ್‌ಗಳು. ಗೇರು ತಡವಾಗಿ ಬೀಳುತ್ತಿದೆಯೆಂದರೆ ಒತ್ತಡ ತಡವಾಗಿ ಬರುತ್ತಿರಬಹುದು. ಆಯಿಲ್ ಕಡಿಮೆಯಿರಬಹುದು, ವಾಲ್ವ್ ಅಂಟುತ್ತಿರಬಹುದು, ಸೀಲ್‌ಗಳು ಗಟ್ಟಿಯಾಗಿರಬಹುದು. ಆಕ್ಸಲರೇಟರ್ ಒತ್ತಿದಾಗ ಎಂಜಿನ್ ತಿರುಗುವ ವೇಗ (ಆರ್‌ಪಿಎಂ) ಏರಿ ಗಾಡಿಯ ವೇಗ ಮಾತ್ರ ಏರದಿದ್ದರೆ ಅದು ಬೇರೆ ಕಥೆ; ಆಗ ಕ್ಲಚ್ ಪ್ಲೇಟುಗಳೇ ಸವೆದು ಜಾರುತ್ತಿವೆ ಎಂಬ ಅನುಮಾನ ಬಲವಾಗುತ್ತದೆ. ನೀನು ಹೇಳಿದ್ದರಲ್ಲಿ ಈ ಎರಡನೆಯ ಲಕ್ಷಣ ಇಲ್ಲ. ಪಾಲಿಟೆಕ್ನಿಕ್‌ನಲ್ಲಿ ಬಿಚ್ಚಿದ ಗೇರ್‌ಬಾಕ್ಸ್‌ಗಳನ್ನು ಮುಂದಿಟ್ಟುಕೊಂಡು ಪಾಠ ಮಾಡಿದವಳಾದ್ದರಿಂದ ಈ ವ್ಯತ್ಯಾಸ ನನಗೆ ಸಣ್ಣದೆಂದು ತೋರುವುದಿಲ್ಲ.

ಮೊದಲು ಬ್ಯಾಟರಿಯ ವೋಲ್ಟೇಜನ್ನೂ ಎಂಜಿನ್ನನ್ನು ಹಿಡಿದಿಡುವ ಮೌಂಟ್‌ಗಳನ್ನೂ ನೋಡಿಸು. ಮೌಂಟ್ ಹೋಗಿದ್ದರೂ ಗೇರ್ ಬೀಳುವಾಗ ಇಂಥದೇ ಜರ್ಕ್ ಬರುತ್ತದೆ. ಬಳಿಕ ಸ್ಕ್ಯಾನರ್‌ನಲ್ಲಿ ಬಂದ ದೋಷದ ಕೋಡ್‌ಗಳನ್ನು ಬರಹದಲ್ಲಿ ಕೇಳಿ ಪಡೆ. ಆಮೇಲೆ ಗೇರ್‌ಬಾಕ್ಸ್‌ನ ಕೆಳಗಿನ ಪ್ಯಾನ್ ಇಳಿಸಿ ನೋಡಬೇಕು, ನಿರ್ಧಾರ ನಿಂತಿರುವುದೇ ಅಲ್ಲಿ. ಪ್ಯಾನಿನ ಆಯಸ್ಕಾಂತದ ಮೇಲೆ ಬೂದುಬಣ್ಣದ ನುಣುಪಾದ ಕೆಸರು ಇದ್ದರೆ ಅದು ಸಹಜ ಸವೆತ. ಹೊಳೆಯುವ ಲೋಹದ ಚೂರುಗಳಿದ್ದರೆ, ಅಥವಾ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿದ್ದರೆ, ಒಳಗಿನ ಭಾಗಗಳು ಹೋಗಿವೆಯೆಂದೇ ತಿಳಿ. ಆಯಿಲ್ ರೋಸ್‌ಮಿಲ್ಕ್‌ನಂತೆ ಕಂಡರೆ ರೇಡಿಯೇಟರಿನ ನೀರು ಒಳಸೇರಿದೆ ಎಂದರ್ಥ. ಅಂಥ ಗೇರ್‌ಬಾಕ್ಸ್‌ಗೆ ಬರೀ ಆಯಿಲ್ ಬದಲಿಸಿ ಸುಮ್ಮನಾಗುವಂತಿಲ್ಲ.

ನಿನ್ನ ಗಾಡಿಯ ಗೇರ್ ಆಯಿಲ್ ‘ಲೈಫ್‌ಟೈಮ್’, ಬದಲಿಸಬೇಕಿಲ್ಲ ಎಂದು ಅವರು ಹೇಳಿದ ಮಾತನ್ನು ನಾನು ಒಪ್ಪುವುದಿಲ್ಲ. ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ ತನ್ನ ಆಟೋಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿಲೋಮೀಟರ್ ಒಳಗೆ ಆಯಿಲ್ ಬದಲಿಸಲು ಸಲಹೆ ಕೊಡುತ್ತದೆ. ನಿನ್ನದು 90,000 ದಾಟಿದೆ, ಒಮ್ಮೆಯೂ ಬದಲಿಸಿಲ್ಲ. ಚೂರುಗಳು ಸಿಗದಿದ್ದರೆ ಕಂಪನಿ ಹೇಳಿದ ದರ್ಜೆಯ ಆಯಿಲ್ ಹಾಗೂ ಹೊಸ ಫಿಲ್ಟರ್ ಹಾಕಿಸು. ಯಂತ್ರದಿಂದ ಒತ್ತಡ ಕೊಟ್ಟು ಫ್ಲಶ್ ಮಾಡಲು ಬಿಡಬೇಡ, ಇಳಿಸಿ ತುಂಬಿದರೆ ಸಾಕು. ಅಷ್ಟರಿಂದಲೂ ಸರಿಹೋಗದಿದ್ದರೆ ವಾಲ್ವ್ ಬಾಡಿಯ ರಿಪೇರಿಗೆ ಮಾತ್ರ ಬೆಲೆ ಕೇಳು. ಬಹಳಷ್ಟು ಸರ್ವಿಸ್ ಸೆಂಟರ್‌ಗಳು ಗೇರ್‌ಬಾಕ್ಸ್ ಬಿಚ್ಚುವ ಗೋಜಿಗೆ ಹೋಗದೆ ಇಡಿಯಾಗಿ ಬದಲಿಸುತ್ತವೆ; ಆದ್ದರಿಂದ ಆಟೋಮ್ಯಾಟಿಕ್ ಮಾತ್ರ ಮಾಡುವ ಗ್ಯಾರೇಜೊಂದರಲ್ಲಿ ಎರಡನೆಯ ಅಭಿಪ್ರಾಯ ಬೇಕೇ ಬೇಕು.

ಚೂರುಗಳು ಸಿಕ್ಕರೂ ಗಾಡಿ ಮಾರಲು ಅವಸರಪಡಬೇಡ. ಅಳಿಯಂದಿರು ರಿಪೇರಿಯ ಖರ್ಚನ್ನು ಗಾಡಿಯ ಇಂದಿನ ಬೆಲೆಯೊಂದಿಗೆ ಹೋಲಿಸುತ್ತಿದ್ದಾರೆ. ಹೋಲಿಸಬೇಕಾದುದು ಅದರ ಬದಲಿಗೆ ತರುವ ಗಾಡಿಯ ಖರ್ಚಿನೊಂದಿಗೆ. ಒಂಬತ್ತು ಲಕ್ಷದ ಹೊಸ ಗಾಡಿ ಕೊಂಡರೆ ಕರ್ನಾಟಕದಲ್ಲಿ ಶೇ. 14ರ ಜೀವಿತಾವಧಿ ತೆರಿಗೆ ಮತ್ತು ಅದರ ಮೇಲಿನ ಸೆಸ್ ಸೇರಿ ತೆರಿಗೆಯೇ 1,40,000 ರೂಪಾಯಿಯ ಹತ್ತಿರ ಹೋಗುತ್ತದೆ. ನಿನ್ನ ಗಾಡಿ 2016ರದು, ಆರ್.ಸಿ. 2031ರವರೆಗೆ ಇದೆ, ಎಂಜಿನ್ ಚೆನ್ನಾಗಿದೆ, ತುಕ್ಕಿಲ್ಲ. ಸಸ್ಪೆನ್ಷನ್, ಎ.ಸಿ. ಕಂಪ್ರೆಸರ್‌ಗಳೂ ಕೈಕೊಡುವ ಸ್ಥಿತಿಯಲ್ಲಿದ್ದರೆ ಮಾತ್ರ ನಾನು ಮಾರು ಎನ್ನುತ್ತೇನೆ. ಇನ್ಶೂರೆನ್ಸ್‌ನಿಂದ ಏನನ್ನೂ ನಿರೀಕ್ಷಿಸಬೇಡ, ಸಹಜ ಸವೆತಕ್ಕೆ ಪಾಲಿಸಿ ಹಣ ಕೊಡುವುದಿಲ್ಲ.

ಶಿವಾಜಿನಗರದ ಗುಜರಿಯಲ್ಲಿ ಹಳೆಯ ಗೇರ್‌ಬಾಕ್ಸ್ ಅಗ್ಗಕ್ಕೆ ಸಿಗುತ್ತದೆ ಎಂದು ಯಾರೋ ಹೇಳಿದರಂತೆ. ಸಿಗಬಹುದು, ಆದರೆ ಅದು ಎಷ್ಟು ಓಡಿದೆಯೋ, ಯಾವ ಅಪಘಾತದ ಗಾಡಿಯದೋ ತಿಳಿಯದು. ಲಿಖಿತ ವಾರಂಟಿಯಿಲ್ಲದೆ ಕೊಳ್ಳಬೇಡ. ಅದಕ್ಕಿಂತ ನಿನ್ನದನ್ನೇ ಬಿಚ್ಚಿ ಓವರ್‌ಹಾಲ್ ಮಾಡಿಸುವುದು ನನಗೆ ಇಷ್ಟ. ಓವರ್‌ಹಾಲ್ ಆಗಲಿ, ಬದಲಾವಣೆಯಾಗಲಿ, ಟಾರ್ಕ್ ಕನ್ವರ್ಟರ್ ಮತ್ತು ಆಯಿಲ್ ಕೂಲರಿನಲ್ಲಿ ಉಳಿದ ಹಳೆಯ ಚೂರುಗಳು ಹೊಸದನ್ನೂ ಕೆಡಿಸುತ್ತವೆ; ಅವೆರಡನ್ನೂ ತೊಳೆಯುವ ಇಲ್ಲವೇ ಬದಲಿಸುವ ಕೆಲಸವೂ ಬಿಲ್ಲಿನಲ್ಲಿ ಸೇರಿದೆಯೇ ಎಂದು ಕೇಳು.

ಪ್ಯಾನ್ ಇಳಿಸುವಾಗ ನೀನೇ ಎದುರಿಗಿದ್ದು ಆಯಸ್ಕಾಂತದ ಫೋಟೊ ತೆಗೆದು ನನಗೆ ಕಳುಹಿಸು. ಅಲ್ಲಿಯವರೆಗೆ ಆ ಗಾಡಿಯಲ್ಲಿ ಘಾಟಿ ಹತ್ತಬೇಡ. ಊರಿಗೆ ಬರುವುದಿದ್ದರೆ ರೈಲಿನಲ್ಲಿ ಬಾ.

ಇತಿ,
ಅಮ್ಮ